ಹಸಿರು ಗೆರೆ ಕುಣಿಯುತ್ತಿತ್ತು, ಸದ್ದು ಮಾತ್ರ ಇಲ್ಲ: ದಾವಣಗೆರೆಯ ಮನೆ ಕಂಪ್ಯೂಟರ್ ಒಂದರ ಪ್ರಕರಣ

ಇದು ದಾವಣಗೆರೆಯ ಒಂದು ಮನೆಯಲ್ಲಿ 2024ರ ಬೇಸಿಗೆಯಲ್ಲಿ ನಡೆದದ್ದು. ಕಾಯಿಲೆ ದೊಡ್ಡದೇನಲ್ಲ. ಕಂಪ್ಯೂಟರ್‌ನಲ್ಲಿ ಸೌಂಡ್ ಬರುತ್ತಿರಲಿಲ್ಲ, ಅಷ್ಟೇ. ಆದರೆ ಮೊದಲ ದಿನ ಎರಡು ಕ್ಲಿಕ್‌ನಲ್ಲಿ ಮುಗಿಯಬೇಕಿದ್ದ ಕೆಲಸ ಎರಡು ವಾರ ಎಳೆಯಿತು. ಎಳೆದವರಲ್ಲಿ ನಾನೂ ಒಬ್ಬ. ಅದಕ್ಕೇ ಬರೆಯುತ್ತಿದ್ದೇನೆ.

ಹೆಸರು, ಬಡಾವಣೆ, ಗುರುತು ಎಲ್ಲ ಮರೆಮಾಡಿದ್ದೇನೆ. ಮನೆಯವರನ್ನು ಟೀಚರಮ್ಮ ಎಂದು ಕರೆಯುತ್ತೇನೆ, ಪಕ್ಕದ ಮನೆಯ ಹುಡುಗನನ್ನು ಹುಡುಗ ಎಂದೇ ಕರೆಯುತ್ತೇನೆ. ನಾನು ಹಗಲು ಮಂಡಿಪೇಟೆಯ ಒಂದೆರಡು ಅಂಗಡಿಗಳ ಲೆಕ್ಕ ನೋಡುವವನು. ಸಂಜೆ ಹೊತ್ತು ಪರಿಚಯದವರ ಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಕಾಸಿಗಿಂತ ಚಟ ಜಾಸ್ತಿ.

ಹಿನ್ನೆಲೆ

ಟೀಚರಮ್ಮ ಸರ್ಕಾರಿ ಶಾಲೆಯಿಂದ ನಿವೃತ್ತರಾದವರು. ಚೆನ್ನಾಗಿ ವಚನ ಹಾಡುತ್ತಾರೆ. ಕೊರೋನಾ ಕಾಲದಲ್ಲಿ ಮೊಮ್ಮಗಳಿಗೆ ಹೇಳಿಕೊಡಲು ವಿಡಿಯೋ ಕಾಲ್‌ನಲ್ಲಿ ಶುರು ಮಾಡಿದ್ದು ಹಾಗೇ ಬೆಳೆದು ಒಂದು ಪಾಠವಾಯಿತು. ವಾರಕ್ಕೆರಡು ಸಂಜೆ, ಆರೇಳು ಮಕ್ಕಳು. ಬೆಂಗಳೂರಿನವರು ಕೆಲವರು, ಹುಬ್ಬಳ್ಳಿಯವರು ಇಬ್ಬರು, ಮೊಮ್ಮಗಳು ಪುಣೆಯಲ್ಲಿ. ಫೀಸು ಇಲ್ಲ. ಫೋನಿನ ಪುಟ್ಟ ತೆರೆ ಕಣ್ಣಿಗೆ ಹಿಡಿಸದು ಅಂತ ಹಳೇ ಕಂಪ್ಯೂಟರ್ರೇ ಬೇಕು ಅವರಿಗೆ.

ಆ ಕಂಪ್ಯೂಟರ್ 2015ರಲ್ಲಿ ಜೋಡಿಸಿದ್ದು. ಇಂಟೆಲ್ ಎಚ್81 ಚಿಪ್‌ಸೆಟ್‌ನ (ಪ್ರೊಸೆಸರಿಗೂ ಬೋರ್ಡಿನ ಉಳಿದ ಭಾಗಗಳಿಗೂ ನಡುವೆ ಕೂತ ಚಿಪ್) ಮದರ್‌ಬೋರ್ಡ್, ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, ಅದರ ಮೇಲೆ ವಿಂಡೋಸ್ 10. ಬೇರೆ ಸೌಂಡ್ ಕಾರ್ಡ್ ಇಲ್ಲ. ಈಗಿನ ಮನೆ ಕಂಪ್ಯೂಟರ್‌ಗಳಲ್ಲಿ ಸೌಂಡ್ ಕಾರ್ಡ್ ಎಂದರೆ ಬೋರ್ಡ್ ಮೇಲೇ ಕೂತ ಒಂದು ಚಿಪ್. ಇದರಲ್ಲಿದ್ದದ್ದು ರಿಯಲ್‌ಟೆಕ್ ಎಎಲ್‌ಸಿ887. ಬೋರ್ಡ್ ಹೊಸದು ಹಾಕಿಸಿದ್ದರೂ ಹಣ ಉಳಿಸಲು ಇನ್ನೂ ಹಳೇ ಕಂಪ್ಯೂಟರ್‌ನ ಕ್ಯಾಬಿನೆಟ್ಟನ್ನೇ ಇಟ್ಟುಕೊಂಡಿದ್ದರು. ಈ ವಿಷಯ ಸುಮ್ನೆ ಹೇಳುತ್ತಿಲ್ಲ, ಕೊನೆಗೆ ಬರುತ್ತದೆ.

ಏಪ್ರಿಲ್‌ನಲ್ಲಿ ಹಳೇ ಮಾನಿಟರ್ ಕೆಟ್ಟಿತು. ಹೊಸದು ತಂದರು. ಹಳೆಯದು ನೀಲಿ ತಲೆಯ ವಿಜಿಎ ಕೇಬಲ್‌ನದು, ಹೊಸದು ಎಚ್‌ಡಿಎಂಐ. ಅಂಗಡಿಯ ಹುಡುಗ ಬಂದು ಜೋಡಿಸಿ, ಚಿತ್ರ ಬಂತು ಅಂತ ತೋರಿಸಿ ಹೋದ. ಅಂದು ಸಂಜೆ ಪಾಠಕ್ಕೆ ಕೂತರೆ ಮಕ್ಕಳ ಬಾಯಿ ಆಡುತ್ತದೆ, ದನಿ ಇಲ್ಲ.

ನಾನು ಹೋಗುವ ಮುಂಚೆ ನಡೆದದ್ದು

ಮೊದಲು ಬಂದವನು ಪಕ್ಕದ ಮನೆಯ ಹುಡುಗ. ಇಂಜಿನಿಯರಿಂಗ್ ಓದುತ್ತಾನೆ, ಕೈ ಚುರುಕು. ಅವನೇನು ಮಾಡಿದ ಅಂತ ಆಮೇಲೆ ಅವನ ಬಾಯಿಂದಲೇ ಕೇಳಿ ಬರೆದುಕೊಂಡೆ.

ಕಂಪ್ಯೂಟರಿನ ಭಾಗಗಳನ್ನೆಲ್ಲ ಪಟ್ಟಿ ಮಾಡಿ ತೋರಿಸುವ ಡಿವೈಸ್ ಮ್ಯಾನೇಜರ್ ತೆಗೆದು, ರಿಯಲ್‌ಟೆಕ್ ಡ್ರೈವರ್, ಅಂದರೆ ಆ ಚಿಪ್ಪನ್ನು ವಿಂಡೋಸ್ ಜೊತೆ ಮಾತಾಡಿಸುವ ತಂತ್ರಾಂಶ, ಅನ್‌ಇನ್‌ಸ್ಟಾಲ್ ಮಾಡಿದ. ಡ್ರೈವರ್ ಫೈಲನ್ನೂ ಅಳಿಸಲಾ ಅಂತ ಕೇಳುವ ಟಿಕ್ಕನ್ನೂ ಹಾಕಿದ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ. ಸೌಂಡ್ ಬರಲಿಲ್ಲ. ಮತ್ತೆ ಡಿವೈಸ್ ಮ್ಯಾನೇಜರ್‌ನಲ್ಲಿ ಕೆಳಗೆ ಕೆಳಗೆ ಹುಡುಕುತ್ತಾ ಹೋದ. ಸಿಸ್ಟಮ್ ಡಿವೈಸಸ್ ಅನ್ನುವ ಉದ್ದನೆಯ ಪಟ್ಟಿಯಲ್ಲಿ ಹೈ ಡೆಫಿನಿಷನ್ ಆಡಿಯೋ ಕಂಟ್ರೋಲರ್ ಅಂತ ಒಂದೇ ಹೆಸರಿನ ಎರಡು ಸಾಲು ಕಂಡವು. ಎರಡಿದ್ದರೆ ಜಗಳ ಆಗುತ್ತೆ ಅಲ್ವಾ, ಅಂತ ಒಂದನ್ನು ಡಿಸೇಬಲ್ ಮಾಡಿದ. ಆಗಲೂ ಬರಲಿಲ್ಲ. ಮರುದಿನ ನೆಟ್‌ನಿಂದ ಎಲ್ಲ ಡ್ರೈವರ್ ತಾನೇ ಹುಡುಕಿ ಹಾಕುತ್ತೇನೆ ಎನ್ನುವ ಒಂದು ಪುಕ್ಕಟೆ ತಂತ್ರಾಂಶ ಇಳಿಸಿದ. ಅದು ಮೂವತ್ತು ಡ್ರೈವರ್ ಹಳತಾಗಿವೆ ಎಂದು ಹೆದರಿಸಿ, ತನ್ನ ಜೊತೆ ಇನ್ನೆರಡು ತಂತ್ರಾಂಶ ತಂದು ಕೂರಿಸಿತು. ಕೊನೆಗೆ ರಿಯಲ್‌ಟೆಕ್ ಡ್ರೈವರ್ ಇಳಿಸಿ ಹಾಕಲು ಹೋದರೆ ಇನ್‌ಸ್ಟಾಲ್ ಫೇಲ್ಯೂರ್ ಎಂಬ ಕಿಟಕಿ ಬಂತು. ಅಲ್ಲಿಗೆ ಅವನು ಕೈಬಿಟ್ಟ.

ಆಮೇಲೆ ಟೀಚರಮ್ಮನ ಯಜಮಾನರು ಸಿಪಿಯು ಹೊತ್ತುಕೊಂಡು ಒಂದು ರಿಪೇರಿ ಅಂಗಡಿಗೆ ಹೋದರು. ಅಲ್ಲಿ ಅರ್ಧ ಗಂಟೆ ನೋಡಿ, "ಬೋರ್ಡಿನ ಸೌಂಡ್ ಹೋಗಿದೆ, ಬೋರ್ಡ್ ಬದಲಾಯಿಸಬೇಕು. ಆದರೆ ಇದಕ್ಕೆ ಬೋರ್ಡ್ ಸಿಗಲ್ಲ, ಹೊಸ ಸೆಟ್ಟೇ ತಗೊಳ್ಳಿ" ಎಂದರಂತೆ. ಯಜಮಾನರು ಸಿಪಿಯು ವಾಪಸ್ ಹೊತ್ತು ತಂದು ನನಗೆ ಫೋನ್ ಮಾಡಿದರು.

ನನ್ನ ಮೊದಲ ಸಂಜೆ

ಹೋದ ತಕ್ಷಣ ಮಂಡಕ್ಕಿ, ಮೆಣಸಿನಕಾಯಿ ಬಂತು. ಕೈ ತೊಳೆದು ಕಂಪ್ಯೂಟರ್ ಮುಂದೆ ಕೂತೆ.

ಗಡಿಯಾರದ ಪಕ್ಕದ ಸ್ಪೀಕರ್ ಗುರುತಿನ ಮೇಲೆ ಕೆಂಪು ಇಂಟು ಗುರುತು ಇರಲಿಲ್ಲ. ಅಂದರೆ ವಿಂಡೋಸ್ ಕಣ್ಣಿಗೆ ಏನೂ ಕೆಟ್ಟಿಲ್ಲ. ಸೌಂಡ್ ಪಟ್ಟಿ ತೆಗೆದೆ. ಒಂದೇ ಒಂದು ಹೆಸರು: ಹೊಸ ಮಾನಿಟರಿನದು. ಒಂದು ಹಾಡು ಹಾಕಿದರೆ ಅದರ ಪಕ್ಕದ ಹಸಿರು ಗೆರೆ ಕುಣಿಯುತ್ತಿದೆ. ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರದ ಜೊತೆ ಸದ್ದೂ ಹೋಗುತ್ತದೆ. ಆ ಮಾನಿಟರಿಗೆ ಸ್ಪೀಕರ್ ಇಲ್ಲ, ಆದರೆ ಹಿಂದೆ ಇಯರ್‌ಫೋನ್ ಚುಚ್ಚಲು ಒಂದು ತೂತು ಇದೆ. ಅಷ್ಟಿದ್ದರೆ ಸಾಕು, ನನಗೆ ಸದ್ದು ಕೊಡಿ ಅಂತ ಮಾನಿಟರ್ ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರ್ ಕೊಡುತ್ತದೆ. ಸದ್ದು ಅಲ್ಲಿ ಹೋಗಿ ಸುಮ್ಮನಾಗುತ್ತದೆ.

ಇಲ್ಲಿವರೆಗೆ ಸರಿಯಾಗೇ ಯೋಚಿಸಿದೆ. ಡೀಫಾಲ್ಟ್, ಅಂದರೆ ಸದ್ದು ತಾನಾಗಿ ಹೋಗುವ ಸಾಧನ, ಬದಲಾಯಿಸಿದರೆ ಮುಗೀತು ಎಂದುಕೊಂಡೆ. ಆದರೆ ಬದಲಾಯಿಸಲು ಇನ್ನೊಂದು ಹೆಸರೇ ಇರಲಿಲ್ಲ. ಮುಚ್ಚಿಟ್ಟ ಸಾಧನಗಳನ್ನೂ ತೋರಿಸು ಎಂದು ಹೇಳಿದೆ, ಊಹೂಂ. ಡಿವೈಸ್ ಮ್ಯಾನೇಜರ್‌ನ ಸೌಂಡ್ ಭಾಗದಲ್ಲೂ ಇಂಟೆಲ್ ಡಿಸ್‌ಪ್ಲೇ ಆಡಿಯೋ ಮಾತ್ರ, ಅಂದರೆ ಎಚ್‌ಡಿಎಂಐ ಸದ್ದಿನದು. ರಿಯಲ್‌ಟೆಕ್‌ನ ಹೆಸರೂ ಇಲ್ಲ, ಹಳದಿ ತ್ರಿಕೋನವೂ ಇಲ್ಲ.

ಇಲ್ಲಿ ನಾನು ಎಡವಿದೆ. ಡ್ರೈವರ್ ಕೆಟ್ಟಿದ್ದರೆ ಹಳದಿ ಗುರುತಾದರೂ ಇರಬೇಕು, ಹೆಸರೇ ಇಲ್ಲ ಎಂದರೆ ಚಿಪ್ಪೇ ಸತ್ತಿದೆ ಎಂದು ತೀರ್ಮಾನ ಮಾಡಿಬಿಟ್ಟೆ. ಅಂಗಡಿಯವರೂ ಅದನ್ನೇ ಹೇಳಿದ್ದರಲ್ಲ, ಅದೂ ತಲೆಯಲ್ಲಿ ಕೂತಿತ್ತು. ಡಿವೈಸ್ ಮ್ಯಾನೇಜರ್‌ನಲ್ಲಿ ಇನ್ನು ಸ್ವಲ್ಪ ಕೆಳಗೆ ಇಳಿದಿದ್ದರೆ ಅಲ್ಲೇ ಉತ್ತರ ಇತ್ತು. ಇಳಿಯಲಿಲ್ಲ.

ನನ್ನ ಚೀಲದಲ್ಲಿ ಯಾವಾಗಲೂ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಇರುತ್ತದೆ. ಹೆಬ್ಬೆರಳಿನಷ್ಟು ದಪ್ಪ, 250 ರೂಪಾಯಿಗೆ ತಂದದ್ದು. ಚುಚ್ಚಿದೆ. ಇದಕ್ಕೆ ಬೇರೆ ಡ್ರೈವರ್ ಬೇಡ, ವಿಂಡೋಸ್ ಒಳಗೇ ಇರುವುದು ಸಾಕು. ಅರ್ಧ ನಿಮಿಷದಲ್ಲಿ ಸ್ಪೀಕರ್ ಮಾತಾಡಿತು.

ನಿಜ ಹೇಳಬೇಕೆಂದರೆ ಹತ್ತರಲ್ಲಿ ಒಂಬತ್ತು ಮನೆಯಲ್ಲಿ ನಾನು ಅಲ್ಲೇ ನಿಲ್ಲಿಸುತ್ತೇನೆ. 250 ರೂಪಾಯಿಗೆ ಕೆಲಸ ಆಯಿತು, ನಡೀರಿ. ಅದು ತಪ್ಪೂ ಅಲ್ಲ. ಆದರೆ ಇಲ್ಲಿ ಎರಡು ಅಡ್ಡಿ ಬಂದವು. ಒಂದು, ಆ ಅಗ್ಗದ ಕಾರ್ಡಿನ ಮೈಕ್. ಟೀಚರಮ್ಮ ಒಂದು ಸಾಲು ಹಾಡಿದ್ದನ್ನು ರೆಕಾರ್ಡ್ ಮಾಡಿ ಕೇಳಿಸಿದೆ. ದನಿಯ ಹಿಂದೆ ಎಣ್ಣೆಯಲ್ಲಿ ಮೆಣಸಿನಕಾಯಿ ಕರಿದ ಹಾಗೆ ಸುಂಯ್ ಎನ್ನುತ್ತಿತ್ತು. ಮಾತಿಗೆ ನಡೆಯುತ್ತೆ, ಹಾಡಿಗೆ ಆಗಲ್ಲ. ಎರಡನೆಯ ಅಡ್ಡಿ ಟೀಚರಮ್ಮನ ಫೋನು.

ಒಂದು ಫೋಟೋ

ಅವರು ಮೊದಲ ದಿನವೇ ಮಗನಿಗೆ ಕಳಿಸಲು ಪರದೆಯ ಫೋಟೋ ತೆಗೆದಿದ್ದರು. ಮಗ ಫೋನಿನಲ್ಲೇ ಹೇಳಿಕೊಟ್ಟು ಸೌಂಡ್ ಪಟ್ಟಿ ತೆಗೆಸಿದ್ದ. ಅಷ್ಟರಲ್ಲಿ ಅವನಿಗೆ ಮೀಟಿಂಗು ಬಂತು, ಮುಂದಕ್ಕೆ ನೋಡಲಿಲ್ಲ.

"ನೋಡಪ್ಪಾ, ಅವತ್ತೂ ಈ ಹಸಿರು ಗೆರೆ ಹಿಂಗೇ ಕುಣಿತಿತ್ತು. ಆದರೆ ಅವತ್ತು ಎರಡು ಹೆಸರಿದ್ವು. ಈಗ ಒಂದೇ ಐತೆ" ಎಂದರು.

ಫೋಟೋ ದೊಡ್ಡದು ಮಾಡಿ ನೋಡಿದೆ. ಮೇಲೆ ಮಾನಿಟರ್ ಹೆಸರು, ಅದಕ್ಕೆ ಡೀಫಾಲ್ಟ್‌ನ ಹಸಿರು ಟಿಕ್. ಕೆಳಗೆ ಸ್ಪೀಕರ್ಸ್, ರಿಯಲ್‌ಟೆಕ್ ಹೈ ಡೆಫಿನಿಷನ್ ಆಡಿಯೋ.

ನನ್ನ ಇಡೀ ತೀರ್ಮಾನ ಅಲ್ಲಿಗೆ ಬಿದ್ದುಹೋಯಿತು. ಸೌಂಡ್ ನಿಂತ ದಿನ ಚಿಪ್ ಬದುಕಿತ್ತು. ಆವತ್ತು ಕೆಟ್ಟದ್ದು ಏನೂ ಇರಲಿಲ್ಲ, ಸದ್ದು ಬೇರೆ ದಾರಿ ಹಿಡಿದಿತ್ತು ಅಷ್ಟೇ. ಕೆಳಗಿನ ಹೆಸರಿನ ಮೇಲೆ ಕ್ಲಿಕ್ ಮಾಡಿ ಡೀಫಾಲ್ಟ್ ಮಾಡಿದ್ದರೆ ಅಂದೇ ಪಾಠ ನಡೆಯುತ್ತಿತ್ತು. ಚಿಪ್ ಕಾಣೆಯಾದದ್ದು ಆಮೇಲೆ, ರಿಪೇರಿ ಶುರುವಾದ ಮೇಲೆ. ಮೊದಲ ಕಾಯಿಲೆಯ ಮೇಲೆ ಔಷಧಿಯ ಕಾಯಿಲೆ ಬೆಳೆದಿತ್ತು. ನಾನು ಎರಡನ್ನೂ ಒಂದೇ ಎಂದು ನೋಡುತ್ತಿದ್ದೆ.

ಆ ಮನೆಗೆ ಕಾಲಿಟ್ಟಾಗ ನಾನು ಕೇಳಿದ್ದು "ಏನಾಗಿದೆ" ಅಂತ. "ಮೊದಲ ದಿನ ಹೇಗಿತ್ತು, ಆಮೇಲೆ ಯಾರು ಏನು ಮಾಡಿದರು" ಅಂತ ಕೇಳಿರಲಿಲ್ಲ. ಹುಡುಗನನ್ನು ಕರೆಸಿ ಕೂರಿಸಿ ಕೇಳಿದ್ದು ಈ ಫೋಟೋ ನೋಡಿದ ಮೇಲೆ. ಅವನಿಗೆ ಬೈಗುಳ ಬೀಳುತ್ತೆ ಎಂಬ ಭಯ. ಎರಡು ಕಂಟ್ರೋಲರ್ ವಿಷಯ ಅಂದು ಹೇಳಲೇ ಇಲ್ಲ.

ಎರಡು ಕಡೆಯಿಂದ ನೋಡಿದ್ದು

ನಮ್ಮ ಕಡೆ ಭದ್ರಾ ನಾಲೆಯ ಕೊನೇ ಭಾಗದ ರೈತರಿಗೆ ಒಂದು ಅಭ್ಯಾಸ ಇದೆ. ಗದ್ದೆಗೆ ನೀರು ಬರಲಿಲ್ಲ ಎಂದರೆ ಡ್ಯಾಂ ಖಾಲಿ ಅಂತ ಕೂರುವುದಿಲ್ಲ. ನಾಲೆ ಏರಿ ಹಿಡಿದು ಮೇಲಕ್ಕೆ ನಡೆಯುತ್ತಾರೆ. ಎಲ್ಲಿವರೆಗೆ ನೀರಿದೆ, ಯಾವ ತೂಬಿನ ಕೆಳಗೆ ಇಲ್ಲ, ನೋಡುತ್ತಾರೆ. ಕಂಪ್ಯೂಟರ್ ಸೌಂಡೂ ಹೀಗೇ. ಮೇಲೆ ಆಪ್, ಅದರ ಕೆಳಗೆ ವಿಂಡೋಸ್‌ನ ಆಡಿಯೋ ಸರ್ವೀಸ್, ಅದರ ಕೆಳಗೆ ಡ್ರೈವರ್, ಅದರ ಕೆಳಗೆ ಸೌಂಡ್ ಚಿಪ್ಪನ್ನು ಕಂಪ್ಯೂಟರಿಗೆ ಕಟ್ಟುವ ಕಂಟ್ರೋಲರ್, ಕೊನೆಗೆ ಚಿಪ್ಪು ಮತ್ತು ಜ್ಯಾಕ್, ಅಂದರೆ ಪಿನ್ ಚುಚ್ಚುವ ತೂತು. ಎಲ್ಲಿ ನಿಂತರೂ ನಮಗೆ ಕೇಳುವುದು ಒಂದೇ ಮೌನ.

ಯುಎಸ್‌ಬಿ ಕಾರ್ಡ್‌ನಿಂದ ಸದ್ದು ಬಂದಿತ್ತು. ಅಂದರೆ ಆಪ್ ಸರಿ, ಆಡಿಯೋ ಸರ್ವೀಸ್ ಸರಿ. ಮೇಲಿನ ಅರ್ಧ ನಾಲೆಯಲ್ಲಿ ನೀರಿದೆ. ಮೊದಲ ಸಲ ಅದನ್ನು ಚುಚ್ಚಿದಾಗ ನಾನು ಅದನ್ನು ಪರಿಹಾರ ಅಂದುಕೊಂಡಿದ್ದೆ. ಫೋಟೋ ನೋಡಿದ ಮೇಲೆ ಅದೇ ಒಂದು ಪರೀಕ್ಷೆಯ ಉತ್ತರ ಆಯಿತು.

ಇನ್ನು ಕೆಳಗಿನ ತುದಿ. ಚಿಪ್ ಬದುಕಿದೆಯಾ ಎಂದು ವಿಂಡೋಸನ್ನೇ ಕೇಳಿದರೆ ಪ್ರಯೋಜನ ಇಲ್ಲ, ಅದಕ್ಕೇ ಕಾಣುತ್ತಿಲ್ಲವಲ್ಲ. ಎರಡನೇ ಸಂಜೆ ಉಬುಂಟು ಹಾಕಿದ ಪೆನ್‌ಡ್ರೈವ್ ಒಯ್ದೆ. ಉಬುಂಟು ಎಂದರೆ ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಲಿನಕ್ಸ್‌ನ ಒಂದು ಬಗೆ. ಕಂಪ್ಯೂಟರ್ ಶುರುವಾಗುವಾಗ ಬೂಟ್ ಮೆನು ತೆಗೆದು, ಪೆನ್‌ಡ್ರೈವ್ ಆರಿಸಿ, ಇನ್‌ಸ್ಟಾಲ್ ಮಾಡದೆ ಸುಮ್ನೆ ಪ್ರಯತ್ನಿಸು ಎನ್ನುವುದನ್ನು ಒತ್ತಿದೆ. ಹಾರ್ಡ್ ಡಿಸ್ಕ್ ಮುಟ್ಟಲಿಲ್ಲ. ಇದು ಮುಖ್ಯ, ಏಕೆಂದರೆ ವಿಂಡೋಸ್ ಪೂರ್ತಿ ಮುಚ್ಚದೆ ಅರ್ಧ ನಿದ್ದೆಯಲ್ಲಿದ್ದಾಗ ಹೊರಗಿನಿಂದ ಡಿಸ್ಕಿಗೆ ಬರೆದರೆ ಫೈಲುಗಳಿಗೆ ಪೆಟ್ಟು ಬೀಳಬಹುದು.

ಸೌಂಡ್ ಸೆಟ್ಟಿಂಗ್‌ನಲ್ಲಿ ಎರಡು ಹೆಸರೂ ಕಂಡವು. ಸ್ಪೀಕರ್ ಪರೀಕ್ಷೆಯ ಬಟನ್ ಒತ್ತಿದೆ. "ಫ್ರಂಟ್ ಲೆಫ್ಟ್" ಎಂದು ಸ್ಪೀಕರ್ ಕೂಗಿತು. ಅಡುಗೆಮನೆಯಿಂದ ಟೀಚರಮ್ಮ ಓಡಿ ಬಂದರು. "ಯಾರದು?" ಎಂದರು.

ಚಿಪ್ಪಿಗೆ ಏನೂ ಆಗಿಲ್ಲ. ಬೋರ್ಡ್ ಬದಲಾಯಿಸುವ ಮಾತು ಅಲ್ಲಿಗೆ ಮುಗಿಯಿತು. ಇನ್ನು ಉಳಿದದ್ದು ಮಧ್ಯದ ತುಂಡು: ವಿಂಡೋಸ್ ಒಳಗಿನ ಡ್ರೈವರ್ ಅಥವಾ ಕಂಟ್ರೋಲರ್. ನನ್ನ ಪ್ರಕಾರ ಈ ಪ್ರಕರಣದ ನಿಜವಾದ ತಿರುವು ಇದೇ. ಎರಡೂ ಪರೀಕ್ಷೆಗೆ ಸೇರಿ ಅರ್ಧ ಗಂಟೆ ಸಾಕು. ಎರಡರಲ್ಲೂ ಇದ್ದದ್ದನ್ನು ಕೆಡಿಸುವ ಕೆಲಸ ಇಲ್ಲ. ಡ್ರೈವರ್ ಕಿತ್ತು ಹಾಕುವುದು ಹಾಗಲ್ಲ. ಕಿತ್ತರೆ ಜೊತೆಗೆ ಸುಳಿವೂ ಹೋಗುತ್ತದೆ.

ವಿಂಡೋಸ್‌ಗೆ ವಾಪಸ್ ಬಂದು ಡಿವೈಸ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ಡಿವೈಸಸ್ ಬೈ ಕನೆಕ್ಷನ್ ಎನ್ನುವುದನ್ನು ಒತ್ತಿದೆ. ಹೆಚ್ಚಿನವರು ಇದನ್ನು ಮುಟ್ಟುವುದಿಲ್ಲ. ಹೀಗೆ ನೋಡಿದರೆ ಯಾವುದು ಯಾವುದಕ್ಕೆ ತಗುಲಿಕೊಂಡಿದೆ ಎಂದು ಮರದ ಕೊಂಬೆಗಳ ಹಾಗೆ ಕಾಣುತ್ತದೆ. ಒಂದು ಆಡಿಯೋ ಕಂಟ್ರೋಲರ್ ಕೆಳಗೆ ಇಂಟೆಲ್ ಡಿಸ್‌ಪ್ಲೇ ಆಡಿಯೋ ನೇತಾಡುತ್ತಿತ್ತು. ಇನ್ನೊಂದರ ಕೆಳಗೆ ಏನೂ ಇಲ್ಲ, ಅದರ ಚಿತ್ರದ ಮೇಲೆ ಕೆಳಮುಖದ ಪುಟ್ಟ ಬಾಣ. ಯಾರೋ ಡಿಸೇಬಲ್ ಮಾಡಿದ್ದಾರೆ ಎಂದರ್ಥ.

ಈ ತಲೆಮಾರಿನ ಇಂಟೆಲ್ ಕಂಪ್ಯೂಟರ್‌ಗಳಲ್ಲಿ ಆಡಿಯೋ ಕಂಟ್ರೋಲರ್ ಎರಡಿರುವುದು ಸಹಜ. ಒಂದು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಜೊತೆಗಿನದು, ಅದು ಎಚ್‌ಡಿಎಂಐಗೆ. ಇನ್ನೊಂದು ಚಿಪ್‌ಸೆಟ್‌ನದು, ಅದಕ್ಕೆ ರಿಯಲ್‌ಟೆಕ್ ಚಿಪ್ ಕಟ್ಟಿರುತ್ತದೆ. ಹೆಸರು ಒಂದೇ, ಕೆಲಸ ಬೇರೆ. ಹುಡುಗ ಎರಡನೆಯದನ್ನು ಮುಚ್ಚಿದ್ದ. ತೂಬು ಮುಚ್ಚಿದ ಮೇಲೆ ಕೆಳಗಿನ ಗದ್ದೆ ಇದೆ ಅಂತಲೇ ವಿಂಡೋಸ್‌ಗೆ ಗೊತ್ತಾಗುವುದಿಲ್ಲ. ಅದಕ್ಕೇ ಹಳದಿ ತ್ರಿಕೋನವೂ ಇರಲಿಲ್ಲ, ರಿಯಲ್‌ಟೆಕ್ ಡ್ರೈವರೂ ಕೂರಲಿಲ್ಲ. ಕೂರಲು ಅದಕ್ಕೆ ಚಿಪ್ಪೇ ಕಂಡಿರಲಿಲ್ಲ.

ಎನೇಬಲ್ ಒತ್ತಿದೆ. ಕೊಂಬೆ ಚಿಗುರಿತು. ಹೈ ಡೆಫಿನಿಷನ್ ಆಡಿಯೋ ಡಿವೈಸ್ ಎಂಬ ಹೊಸ ಸಾಲು ಬಂತು. ಅದು ಮೈಕ್ರೋಸಾಫ್ಟ್‌ನ ಸಾಮಾನ್ಯ ಡ್ರೈವರ್. ಅದರ ವಿವರದಲ್ಲಿ ಹಾರ್ಡ್‌ವೇರ್ ಐಡಿ ನೋಡಿದೆ: ಕಂಪನಿ ಸಂಖ್ಯೆ 10ಇಸಿ, ಅಂದರೆ ರಿಯಲ್‌ಟೆಕ್. ಸಾಧನದ ಸಂಖ್ಯೆ 0887. ನಮ್ಮ ಚಿಪ್ಪೇ. ಚಿಪ್ ಯಾವುದು ಅಂತ ಬೋರ್ಡ್ ಬಿಚ್ಚಿ ಟಾರ್ಚ್ ಹಿಡಿಯುವ ಬದಲು ಇದು ಸುಲಭ. ಡಿಸ್‌ಪ್ಲೇ ಆಡಿಯೋದ ಕಂಪನಿ ಸಂಖ್ಯೆ 8086. ಇಂಟೆಲ್ ತನ್ನ 1978ರ ಪ್ರೊಸೆಸರ್‌ನ ಹೆಸರನ್ನೇ ಅಲ್ಲಿ ಇಟ್ಟುಕೊಂಡಿದೆ.

ಸೌಂಡ್ ಪಟ್ಟಿಯಲ್ಲಿ ಸ್ಪೀಕರನ್ನು ಡೀಫಾಲ್ಟ್ ಮಾಡಿದೆ. ಸದ್ದು ಬಂತು. ಯಜಮಾನರು ಕಾಫಿ ತಂದರು. ನಾನು ಮನೆಗೆ ಹೋದೆ.

ಮತ್ತೆ ಫೋನು

ಗುರುವಾರ ಸಂಜೆ ಪಾಠದ ಹೊತ್ತಿಗೆ ಫೋನ್. ಸ್ಪೀಕರ್ ಸರಿ ಇದೆ, ಹೆಡ್‌ಫೋನ್ ಮತ್ತು ಮೈಕ್ ಇಲ್ಲ. ಅವರು ಸಿಪಿಯು ಮುಂದಿನ ಹಸಿರು ಮತ್ತು ಗುಲಾಬಿ ತೂತಿಗೆ ಹೆಡ್‌ಸೆಟ್ ಚುಚ್ಚುತ್ತಾರೆ. ನಾನು ಪರೀಕ್ಷೆ ಮಾಡಿದ್ದು ಹಿಂದಿನ ಹಸಿರು ತೂತು ಮಾತ್ರ. ಮೈಕ್ ಅಂತೂ ನೋಡಿರಲೇ ಇಲ್ಲ. ಪಾಠಕ್ಕೆ ಬೇಕಾದದ್ದೇ ಮೈಕು! ಸದ್ದು ಬಂದ ಖುಷಿಯಲ್ಲಿ, ಈ ಮನೆಯಲ್ಲಿ ಇದನ್ನು ಯಾವುದಕ್ಕೆ ಬಳಸುತ್ತಾರೆ ಎನ್ನುವುದನ್ನೇ ಮರೆತಿದ್ದೆ.

"ಹಿಂದಿನ ತೂತಿಗೆ ಚುಚ್ಚಿ ನೋಡಿ ಅಮ್ಮ" ಎಂದೆ.

"ಅಲ್ಲಿಗೆ ಕೈ ಹೋಗಲ್ಲಪ್ಪಾ, ಗೋಡೆಗೆ ಒತ್ತಿ ಇಟ್ಟೈತೆ. ಬಗ್ಗಿದ್ರೆ ಮೊಣಕಾಲು ಹಿಡಿಯುತ್ತೆ. ಇಷ್ಟು ವರ್ಷ ಮುಂದೇನೇ ಬರ್ತಿತ್ತಲ್ಲ?"

ಹೌದಲ್ಲ. ಇಷ್ಟು ವರ್ಷ ಹೇಗೆ ಬರುತ್ತಿತ್ತು?

ಶನಿವಾರ ಹೋಗಿ ಕ್ಯಾಬಿನೆಟ್ ಬಿಚ್ಚಿದೆ. ಮುಂದಿನ ತೂತುಗಳಿಂದ ಬರುವ ವೈರಿನ ತುದಿಯಲ್ಲಿ ಎಸಿ97 ಎಂದು ಬರೆದಿತ್ತು. ಎಸಿ97 ಇಂಟೆಲ್ 1997ರಲ್ಲಿ ತಂದ ಹಳೇ ಪದ್ಧತಿ. ಅದರ ಜಾಗಕ್ಕೆ ಬಂದ ಎಚ್‌ಡಿ ಆಡಿಯೋ 2004ರದ್ದು. ಬೋರ್ಡ್ ಹೊಸ ಪದ್ಧತಿಯದು, ಕ್ಯಾಬಿನೆಟ್ ಹಳೇ ಪದ್ಧತಿಯದು. ವೈರ್ ಎರಡಕ್ಕೂ ಕೂರುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವ ವ್ಯತ್ಯಾಸ ಒಂದು: ಹೊಸ ಪದ್ಧತಿಯಲ್ಲಿ ತೂತಿಗೆ ಪಿನ್ ಚುಚ್ಚಿದ ಕೂಡಲೇ ಚುಚ್ಚಿದ್ದಾರೆ ಎಂದು ಬೋರ್ಡಿಗೆ ಸುದ್ದಿ ಹೋಗುತ್ತದೆ. ಹಳೇ ವೈರಿನಲ್ಲಿ ಆ ಸುದ್ದಿ ಒಯ್ಯುವ ಎಳೆಯೇ ಇಲ್ಲ. ನೀವು ಚುಚ್ಚಿದ್ದರೂ ವಿಂಡೋಸ್ ಪಟ್ಟಿಯಲ್ಲಿ ನಾಟ್ ಪ್ಲಗ್ಡ್ ಇನ್ ಎಂದೇ ಇರುತ್ತದೆ.

ಹಾಗಿದ್ದರೆ 2015ರಲ್ಲಿ ಜೋಡಿಸಿದವನು ಯಾರೋ ತಿಳಿದವನು. ರಿಯಲ್‌ಟೆಕ್ ಡ್ರೈವರ್ ಜೊತೆ ಬರುವ ಆಡಿಯೋ ಮ್ಯಾನೇಜರ್‌ನಲ್ಲಿ, ಬಲ ಮೂಲೆಯ ಪುಟ್ಟ ಹಳದಿ ಫೋಲ್ಡರ್ ಚಿತ್ರ ಒತ್ತಿದರೆ, ಮುಂದಿನ ಜ್ಯಾಕ್ ಪತ್ತೆ ಮಾಡುವುದನ್ನು ನಿಲ್ಲಿಸು ಎಂಬ ಒಂದು ಟಿಕ್ ಇದೆ. ಅದನ್ನು ಹಾಕಿದರೆ ಬೋರ್ಡ್ ಸುದ್ದಿಗೆ ಕಾಯದೆ ಮುಂದಿನ ತೂತಿಗೆ ಸದಾ ಸದ್ದು ಕೊಡುತ್ತದೆ. ಆತ ಅದನ್ನು ಹಾಕಿ ಹೋಗಿದ್ದ. ಯಾರಿಗೂ ಹೇಳಿರಲಿಲ್ಲ. ಹುಡುಗ ಡ್ರೈವರ್ ಕಿತ್ತಾಗ ಆ ಟಿಕ್ ಕೂಡ ಹೋಯಿತು. ಮೈಕ್ರೋಸಾಫ್ಟ್‌ನ ಸಾಮಾನ್ಯ ಡ್ರೈವರ್‌ನಲ್ಲಿ ಆ ಟಿಕ್ಕೇ ಇಲ್ಲ.

ಡ್ರೈವರ್ ಎಂದರೆ ಸುಮ್ನೆ ಚಿಪ್ಪಿನ ಭಾಷೆ ಬಲ್ಲ ದುಭಾಷಿ ಎಂದು ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ. ಪೂರ್ತಿ ನಿಜ ಅಲ್ಲ. ಆ ಮನೆಯ, ಆ ಪೆಟ್ಟಿಗೆಯ ವಿಚಿತ್ರಗಳ ನೆನಪೂ ಅದರ ಜೊತೆಯಲ್ಲೇ ಇರುತ್ತದೆ.

ಈ ಸಲ ಅವಸರ ಮಾಡಲಿಲ್ಲ. ಮೊದಲು ಸಿಸ್ಟಮ್ ರಿಸ್ಟೋರ್ ಪಾಯಿಂಟ್ ಮಾಡಿದೆ, ಏನಾದರೂ ಕೆಟ್ಟರೆ ಈಗಿನ ಸ್ಥಿತಿಗೆ ವಾಪಸ್ ಬರಲು. ಆ ಪುಕ್ಕಟೆ ತಂತ್ರಾಂಶವನ್ನೂ ಅದರ ಬಾಲಗಳನ್ನೂ ತೆಗೆದೆ. ಕಂಟ್ರೋಲ್ ಪ್ಯಾನೆಲ್‌ನ ಪಟ್ಟಿಯನ್ನು ತಾರೀಖಿನ ಪ್ರಕಾರ ಜೋಡಿಸಿದರೆ ಒಂದೇ ದಿನ ಬಂದವು ಒಟ್ಟಿಗೆ ಸಿಗುತ್ತವೆ. ಬೋರ್ಡ್ ತಯಾರಕರ ತಾಣದಿಂದ ಆ ಬೋರ್ಡಿನ ಹೆಸರಿಗೇ ಇರುವ ವಿಂಡೋಸ್ 10ರ 64 ಬಿಟ್ ಆಡಿಯೋ ಡ್ರೈವರ್ ಇಳಿಸಿಕೊಂಡೆ. ರಿಯಲ್‌ಟೆಕ್‌ನಲ್ಲಿ ಈಗ ಎರಡು ಬಗೆ ಇವೆ. ಹೊಸ ಬಗೆಗೆ ನಿಯಂತ್ರಣದ ಕಿಟಕಿ ಡ್ರೈವರ್ ಜೊತೆ ಬರುವುದಿಲ್ಲ, ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಬೇರೆಯಾಗಿ ಬರಬೇಕು. ನನಗೆ ಬೇಕಿದ್ದದ್ದು ಹಳೇ ಬಗೆ, ಅದರಲ್ಲಿ ಆಡಿಯೋ ಮ್ಯಾನೇಜರ್ ಒಳಗೇ ಇದೆ. ಡ್ರೈವರ್ ಹಾಕುವಾಗ ನೆಟ್ ಕೇಬಲ್ ಕಿತ್ತಿಟ್ಟೆ. ಇಲ್ಲದಿದ್ದರೆ ಮಧ್ಯದಲ್ಲಿ ವಿಂಡೋಸ್ ಅಪ್‌ಡೇಟ್ ತನಗೆ ಸರಿಕಂಡ ಡ್ರೈವರನ್ನು ತಂದು ಕೂರಿಸುವುದುಂಟು.

ಮುಗಿದ ಮೇಲೆ ಅದು ರೀಸ್ಟಾರ್ಟ್ ಕೇಳಿತು. ಹುಡುಗ ಅಲ್ಲೇ ಇದ್ದ. ಶಟ್‌ಡೌನ್ ಮಾಡಿ ಆನ್ ಮಾಡಲು ಕೈ ಹಾಕಿದ. ತಡೆದೆ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬುದೊಂದು ಬಂದಿದೆ. ಅದು ಇದ್ದಾಗ ಶಟ್‌ಡೌನ್ ಎಂದರೆ ಪೂರ್ತಿ ಮುಚ್ಚುವುದಿಲ್ಲ. ವಿಂಡೋಸ್‌ನ ಒಳಭಾಗವನ್ನು ಹಾಗೇ ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಮರುದಿನ ಅದನ್ನೇ ಎತ್ತಿಕೊಂಡು ಏಳುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಹೊಸದಾಗಿ ಶುರುವಾಗುತ್ತದೆ. "ಅಂದ್ರೆ ನಾನು ಹತ್ತು ಸಲ ಆಫ್ ಆನ್ ಮಾಡಿದ್ದು ಲೆಕ್ಕಕ್ಕೇ ಇಲ್ವಾ ಅಣ್ಣ?" ಎಂದ. ಜಾಸ್ತಿ ಲೆಕ್ಕಕ್ಕಿಲ್ಲ ಎಂದೆ.

ರೀಸ್ಟಾರ್ಟ್ ಆಯಿತು. ಹಳದಿ ಫೋಲ್ಡರ್, ಟಿಕ್, ಓಕೆ. ಮುಂದಿನ ಗುಲಾಬಿ ತೂತಿಗೆ ಮೈಕ್ ಚುಚ್ಚಿ ಟೀಚರಮ್ಮ "ಹಲೋ" ಎಂದರು, ಗೆರೆ ಏರಿತು. ಒಂದು ಅನನುಕೂಲ ಉಳಿಯಿತು: ಹೆಡ್‌ಫೋನ್ ಚುಚ್ಚಿದರೂ ಹಿಂದಿನ ಸ್ಪೀಕರ್ ತಾನಾಗಿ ಬಂದ್ ಆಗುವುದಿಲ್ಲ. ಸ್ಪೀಕರ್‌ನ ಗುಬುಟು ತಿರುಗಿಸಿಕೊಳ್ಳಬೇಕು. ಮೊದಲೂ ಹಾಗೇ ಇತ್ತಂತೆ, ಅವರಿಗೆ ರೂಢಿ.

ಶ್ರುತಿ ಕೇಳದ ಮಕ್ಕಳು

ಮುಗಿಯಿತು ಎಂದುಕೊಂಡೆ. ಮುಂದಿನ ಪಾಠದಲ್ಲಿ ಪುಣೆಯ ಮೊಮ್ಮಗಳು ಹೇಳಿದಳಂತೆ, "ಅಜ್ಜಿ, ನಿನ್ನ ದನಿ ಕೇಳುತ್ತೆ, ಶ್ರುತಿ ಕೇಳಲ್ಲ." ಟೀಚರಮ್ಮ ಪಕ್ಕದಲ್ಲಿ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಇಟ್ಟುಕೊಂಡು ಹಾಡುತ್ತಾರೆ. ಅದು ಶುರುವಿನಲ್ಲಿ ಒಂದು ಕ್ಷಣ ಕೇಳಿಸಿ ಮಾಯವಾಗುತ್ತಿತ್ತು. ಹಾಡು ಮಾತ್ರ ಒಣಗಿದ ಹಾಗೆ ಬರುತ್ತಿತ್ತು.

ಇದು ಕೇಳಿ ನನಗೆ ನಗು ಬಂತು, ಆಮೇಲೆ ಸ್ವಲ್ಪ ನಾಚಿಕೆಯೂ ಆಯಿತು. ಹೊಸ ಡ್ರೈವರ್ ಹಾಕಿದಾಗ ಮೈಕಿನ ಎಫೆಕ್ಟ್‌ನಲ್ಲಿ ನಾಯ್ಸ್ ಸಪ್ರೆಷನ್‌ಗೆ ನಾನೇ ಟಿಕ್ ಹಾಕಿದ್ದೆ, ಫ್ಯಾನಿನ ಸದ್ದು ಹೋಗಲಿ ಎಂದು. ಏಕಸಮ ಮೊರೆಯುವ ಸದ್ದನ್ನು ಅದು ಗದ್ದಲ ಎಂದು ತಿಳಿಯುತ್ತದೆ. ಫ್ಯಾನೂ ಏಕಸಮ, ಶ್ರುತಿಯೂ ಏಕಸಮ. ಕಂಪ್ಯೂಟರ್‌ಗೆ ಎರಡರ ನಡುವೆ ವ್ಯತ್ಯಾಸ ಗೊತ್ತಿಲ್ಲ. ನನ್ನ ಟಿಕ್ ತೆಗೆದರೂ ಅರ್ಧ ಮಾತ್ರ ಸರಿಹೋಯಿತು, ಏಕೆಂದರೆ ವಿಡಿಯೋ ಕಾಲ್ ಆಪ್ ಒಳಗೂ ಅಂಥದ್ದೇ ಇನ್ನೊಂದು ಸೋಸುಬಟ್ಟೆ ಇರುತ್ತದೆ. ಅದನ್ನು ತೀರಾ ಕಡಿಮೆಗೆ ಇಳಿಸಿದೆ. ಹಿಂದೆಯೂ ಹಾಗೇ ಇತ್ತಾ ಎಂದರೆ ಹೌದು, ಮಗ ಮೊದಲೇ ಇಳಿಸಿಟ್ಟಿದ್ದನಂತೆ. ಡ್ರೈವರ್ ತಂತ್ರಾಂಶದ ಗಡಿಬಿಡಿಯಲ್ಲಿ ಯಾರೋ ಆಪನ್ನೂ ತೆಗೆದು ಹೊಸದಾಗಿ ಹಾಕಿದ್ದರು. ಯಾರೋ ಎಂದರೆ ಹುಡುಗ. ಅದನ್ನು ಒಪ್ಪಿಕೊಳ್ಳಲು ಅವನಿಗೆ ಇನ್ನೊಂದು ವಾರ ಬೇಕಾಯಿತು. ಫ್ಯಾನ್ ವಿಷಯಕ್ಕೆ ಪಾಠದ ಹೊತ್ತು ಫ್ಯಾನ್ ಆರಿಸುವುದು ಎಂದು ತೀರ್ಮಾನವಾಯಿತು. ದಾವಣಗೆರೆಯ ಮೇ ತಿಂಗಳಲ್ಲಿ ಅದು ಸಣ್ಣ ತ್ಯಾಗ ಅಲ್ಲ.

ಹಿಂತಿರುಗಿ ನೋಡಿದರೆ

ಇಲ್ಲಿ ಕೆಟ್ಟದ್ದು ಎಷ್ಟು, ಕೆಡಿಸಿದ್ದು ಎಷ್ಟು ಎಂದು ಲೆಕ್ಕ ಹಾಕಿದೆ. ಕೆಟ್ಟದ್ದು ಸೊನ್ನೆ. ಡೀಫಾಲ್ಟ್ ಬದಲಾದದ್ದು ಕೆಡುವುದು ಅಲ್ಲ. ಕಂಟ್ರೋಲರ್, ಮುಂದಿನ ಜ್ಯಾಕ್, ಶ್ರುತಿ, ಈ ಮೂರೂ ರಿಪೇರಿಯಿಂದ ಹುಟ್ಟಿದವು. ಮೂರನೆಯದಕ್ಕೆ ನನ್ನದೂ ಕೈ ಇದೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ನಾನು ಅವನ ವಯಸ್ಸಿನಲ್ಲಿ ಇದಕ್ಕಿಂತ ಜಾಸ್ತಿ ಕೆಡಿಸಿದ್ದೇನೆ. ಆದರೆ ಅವನು ಮಾಡಿದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದರೆ ನನ್ನ ಎರಡು ಸಂಜೆ ಉಳಿಯುತ್ತಿತ್ತು. 2015ರಲ್ಲಿ ಜೋಡಿಸಿದವನು ಬರೆದಿಟ್ಟಿದ್ದರೆ ಇನ್ನೊಂದು ಶನಿವಾರ. ಈಗ ಸೌಂಡ್ ದೂರು ಬಂದರೆ ನಾನು ಮನೆಗೆ ಹೊರಡುವ ಮುಂಚೆಯೇ ಫೋನಿನಲ್ಲಿ ಸೌಂಡ್ ಪಟ್ಟಿಯ ಫೋಟೋ ಕೇಳುತ್ತೇನೆ. ಏನನ್ನೂ ಮುಟ್ಟಬೇಡಿ ಅಂತಲೂ ಹೇಳುತ್ತೇನೆ. ಅರ್ಧ ಜನರ ಕೆಲಸ ಫೋನಿನಲ್ಲೇ ಮುಗಿಯುತ್ತದೆ. ಕಾಫಿ ತಪ್ಪುತ್ತದೆ, ಇರಲಿ.

ಟೀಚರಮ್ಮನ ಕ್ಯಾಬಿನೆಟ್ ಒಳಬಾಗಿಲಿಗೆ ಈಗ ಒಂದು ಚೀಟಿ ಅಂಟಿಸಿದ್ದೇನೆ: ಚಿಪ್ ಎಎಲ್‌ಸಿ887, ಮುಂದಿನ ವೈರ್ ಎಸಿ97, ಜ್ಯಾಕ್ ಪತ್ತೆ ಆಫ್ ಇರಬೇಕು, ಕಂಟ್ರೋಲರ್ ಎರಡೂ ಬೇಕು, ನಾಯ್ಸ್ ಸಪ್ರೆಷನ್ ಹಾಕಬೇಡಿ. ಡ್ರೈವರ್ ಫೈಲ್ ಡಿ ಡ್ರೈವ್‌ನಲ್ಲಿದೆ. ತಾರೀಖು ಹಾಕಿದ್ದೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ನಾಲ್ಕನೇ ತಲೆಮಾರಿನ ಪ್ರೊಸೆಸರಿಗೆ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಜಾಗ ಇಲ್ಲ. ಟೀಚರಮ್ಮ ಈಗ ಆ ಪೆನ್‌ಡ್ರೈವ್‌ನ ಉಬುಂಟುವನ್ನೇ ಹಾಕಿಬಿಡು ಎನ್ನುತ್ತಿದ್ದಾರೆ. ಹಿಂದಿನ ಹಸಿರು ತೂತಿಗೆ ಅದರಲ್ಲಿ ಸದ್ದು ಬರುತ್ತದೆ ಎನ್ನುವುದನ್ನು ನಾವು ಕಂಡಿದ್ದೇವೆ. ಮುಂದಿನ ಎಸಿ97 ತೂತು ಅಲ್ಲೂ ಚುಚ್ಚಿಲ್ಲ ಎಂದೇ ಹೇಳುತ್ತದೆ, ಏಕೆಂದರೆ ಸುದ್ದಿ ಒಯ್ಯುವ ಎಳೆ ವೈರಿನಲ್ಲೇ ಇಲ್ಲ. ಲಿನಕ್ಸ್‌ನಲ್ಲೂ ಜ್ಯಾಕ್ ಪತ್ತೆಯನ್ನು ಬದಲಾಯಿಸುವ ಉಪಕರಣ ಇದೆ. ಅದನ್ನು ಹಿಡಿದು ಕೂರುವ ಬದಲು ಈ ಸಲ ಪೇಟೆಯಿಂದ ಎರಡು ಮೀಟರ್‌ನ ಎರಡು ಎಕ್ಸ್‌ಟೆನ್ಷನ್ ವೈರ್ ತಂದಿದ್ದೇನೆ, ಒಂದು ಮೈಕಿಗೆ, ಒಂದು ಹೆಡ್‌ಫೋನಿಗೆ. ಮಕ್ಕಳ ಪರೀಕ್ಷೆ ಮುಗಿದ ಮೇಲೆ ಒಂದು ಭಾನುವಾರ ಹಿಂದಿನ ತೂತಿನಿಂದ ಮೇಜಿನ ಮೇಲಕ್ಕೆ ಎಳೆಯುವುದು ಎಂದು ಆಗಿದೆ. ಚೀಟಿಯಲ್ಲಿ ಅದಕ್ಕೂ ಜಾಗ ಬಿಟ್ಟಿದ್ದೇನೆ.